ಹೆಸರಿಗೆ ಬಂದ ಬೆಲೆ

ವಸ್ತುವಿನ ಗುಣವು ಅದರ ಹೆಸರಿನಿಂದ ಬದಲಾಗುವುದಿಲ್ಲವೆಂಬುದು ವಿಜ್ಞಾನವನ್ನು ಓದುವವರೆಲ್ಲರೂ ಮೊದಲನೆಯ ದಿನವೇ ಒಪ್ಪಿಕೊಂಡ ಮಾತು. ತಾಮ್ರವನ್ನು ಚಿನ್ನವೆಂದು ಕರೆದ ಮಾತ್ರಕ್ಕೆ ಅದರ ಸಾಂದ್ರತೆ ಹೆಚ್ಚುವುದಿಲ್ಲ; ನೀರನ್ನು ತೀರ್ಥವೆಂದರೂ ಅದು ಕುದಿಯುವ ಉಷ್ಣತೆ ಬೇರೆಯಾಗುವುದಿಲ್ಲ. ಆದರೆ ಬೆಲೆಯೆಂಬುದೊಂದು ಉಂಟು. ಅದನ್ನು ವಸ್ತುವಿನೊಳಗೆ ಹುಡುಕಿದರೆ ಸಿಕ್ಕುವುದಿಲ್ಲ. ಅದು ಕೊಳ್ಳುವವನ ಮತ್ತು ಮಾರುವವನ ಮನಸ್ಸುಗಳ ನಡುವೆ ಹುಟ್ಟುತ್ತದೆ. ಹಾಗಾದರೆ ಹೆಸರು ಬದಲಾದಾಗ ಬೆಲೆ ಬದಲಾದೀತೇ? ಕೇಳಿದವರಿಗೆ ನಗು ಬರಬಹುದು. ಆದರೂ ಈ ಪ್ರಶ್ನೆಯನ್ನು ಅಳೆದು ನೋಡಿದವರುಂಟು. ಅಳತೆಯಿಂದ ಬಂದ ಉತ್ತರವನ್ನು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕಾದ ಕಾರಣವೂ ಈಗ ಒದಗಿದೆ.

ಹೀಗೆ ಅಳೆದವರಲ್ಲಿ ಒಬ್ಬರು ರಾಘವೇಂದ್ರ ರಾವ್. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನಲ್ಲಿ ಓದಿ, ಫ್ರಾನ್ಸಿನ ಇನ್ಸಿಯಾಡ್ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದ ಇವರು ಈಗ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಹಣಕಾಸು ಶಾಸ್ತ್ರದ ಪ್ರಾಧ್ಯಾಪಕರು. ಹಿಂದೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿದ್ದಾಗ ಮೈಕೇಲ್ ಕೂಪರ್ ಮತ್ತು ಓರ್ಲಿನ್ ಡಿಮಿಟ್ರೋವ್ ಎಂಬ ಇಬ್ಬರೊಡನೆ ಕೂಡಿ ಅವರು ಒಂದು ಚಿಕ್ಕ ಶೋಧನೆ ನಡೆಸಿದರು. ಅದು ಇಂಟರ್‌ನೆಟ್ಟಿನ ಹುಚ್ಚು ಅಮೆರಿಕದ ಷೇರುಪೇಟೆಯನ್ನು ಹಿಡಿದಿದ್ದ ಕಾಲ. ೧೯೯೮ರ ಜೂನ್‌ನಿಂದ ೧೯೯೯ರ ಜುಲೈವರೆಗೆ ತಮ್ಮ ಹೆಸರಿನ ಬಾಲಕ್ಕೆ ‘ಡಾಟ್ ಕಾಮ್’ ಎಂದು ಸೇರಿಸಿಕೊಂಡ ಅಥವಾ ಅದನ್ನು ಹೋಲುವ ಹೆಸರಿಟ್ಟುಕೊಂಡ ೯೫ ಕಂಪನಿಗಳನ್ನು ಅವರು ಆರಿಸಿದರು. ಹೆಸರು ಬದಲಾವಣೆಯನ್ನು ಸಾರಿದ ದಿನದ ಹಿಂದುಮುಂದಿನ ಹತ್ತು ದಿನಗಳಲ್ಲಿ ಆ ಷೇರುಗಳಿಗೆ ಏನಾಯಿತೆಂದು ಲೆಕ್ಕ ಹಾಕಿದರು.

ಲೆಕ್ಕದ ಕ್ರಮ ನಮಗೆ ಅಪರಿಚಿತವಲ್ಲ. ಗೈಗರ್ ಗಣಕದ ಮುಂದೆ ವಿಕಿರಣಶೀಲ ವಸ್ತುವನ್ನಿಟ್ಟು ಎಣಿಸುವಾಗ, ವಸ್ತುವಿಲ್ಲದಿದ್ದರೂ ಬರುವ ಹಿನ್ನೆಲೆಯ ಎಣಿಕೆಯನ್ನು ಮೊದಲು ಕಳೆಯುತ್ತೇವಷ್ಟೆ. ಇವರೂ ಹಾಗೆಯೇ, ಪೇಟೆಯೆಲ್ಲ ಏರುತ್ತಿದ್ದುದರಿಂದ ಹೇಗೂ ಬರುತ್ತಿದ್ದ ಲಾಭವನ್ನು ಕಳೆದು, ಉಳಿದುದೆಷ್ಟೆಂದು ನೋಡಿದರು. ಉಳಿದದ್ದು ಸುಮಾರು ಶೇಕಡಾ ೭೪! ಹತ್ತು ದಿನಗಳಲ್ಲಿ, ಕೇವಲ ಹೆಸರಿನಿಂದ. ಇದಕ್ಕಿಂತಲೂ ಸೋಜಿಗವಾದ ಅಂಶ ಮುಂದಿದೆ. ಆ ಕಂಪನಿಗಳಲ್ಲಿ ಕೆಲವು ನಿಜವಾಗಿಯೂ ಇಂಟರ್‌ನೆಟ್ಟಿನ ವ್ಯವಹಾರ ನಡೆಸುತ್ತಿದ್ದವು. ಕೆಲವಕ್ಕೆ ಅದರ ಗಂಧವೇ ಇರಲಿಲ್ಲ. ಬೆಲೆಯ ಏರಿಕೆ ಮಾತ್ರ ಈ ಭೇದವನ್ನು ಲೆಕ್ಕಿಸಲಿಲ್ಲ. ಈ ಪ್ರಬಂಧ ಅಮೆರಿಕದ ‘ಜರ್ನಲ್ ಆಫ್ ಫೈನಾನ್ಸ್’ ಪತ್ರಿಕೆಯಲ್ಲಿ ೨೦೦೧ರಲ್ಲಿ ಪ್ರಕಟವಾಯಿತು.

ಅಷ್ಟರಲ್ಲಿ ಗಾಳಿ ತಿರುಗಿತ್ತು. ೨೦೦೦ದ ಮಾರ್ಚಿಯಲ್ಲಿ ೫,೦೦೦ವನ್ನು ದಾಟಿದ್ದ ನಾಸ್‌ಡ್ಯಾಕ್ ಸೂಚ್ಯಂಕವು ೨೦೦೨ರ ಅಕ್ಟೋಬರ್ ವೇಳೆಗೆ ಅದರ ಕಾಲುಭಾಗಕ್ಕಿಂತಲೂ ಕೆಳಗೆ ಕುಸಿಯಿತು. ಆಗ ಕಂಪನಿಗಳು ‘ಡಾಟ್ ಕಾಮ್’ ಎಂಬ ಬಾಲವನ್ನು ಕತ್ತರಿಸಿಕೊಳ್ಳತೊಡಗಿದವು. ಕೂಪರ್ ಮತ್ತು ರಾವ್ ಅವರು ಬೇರೆ ಕೆಲವರೊಡನೆ ಕೂಡಿ ಅದನ್ನೂ ಬಿಡದೆ ಅಳೆದರು. ೨೦೦೫ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ಬಾಲವನ್ನು ಕಳಚಿಕೊಂಡ ಸುದ್ದಿಯ ಹಿಂದುಮುಂದಿನ ಅರವತ್ತು ದಿನಗಳಲ್ಲಿ ಆ ಷೇರುಗಳು ಸುಮಾರು ಶೇಕಡಾ ೬೪ರಷ್ಟು ಹೆಚ್ಚುವರಿ ಲಾಭ ತಂದವು. ಅಂಟಿಸಿಕೊಂಡರೂ ಏರಿಕೆ, ಕಿತ್ತು ಹಾಕಿದರೂ ಏರಿಕೆ! ಅದೇ ವರ್ಷ ಮ್ಯೂಚುಯಲ್ ಫಂಡುಗಳ ಮೇಲೆ ಪ್ರಕಟವಾದ ಇನ್ನೊಂದು ಪ್ರಬಂಧದಲ್ಲಿ ಕೂಪರ್, ಗುಲೆನ್ ಮತ್ತು ರಾವ್ ಅವರು ಇದೇ ಮಾತನ್ನು ಬೇರೆ ದಾರಿಯಿಂದ ತೋರಿಸಿದರು. ಆ ಕಾಲಕ್ಕೆ ಜನಪ್ರಿಯವಾದ ಹೂಡಿಕೆಯ ರೀತಿಯನ್ನು ಸೂಚಿಸುವ ಹೊಸ ಹೆಸರನ್ನು ಫಂಡು ಇಟ್ಟುಕೊಂಡರೆ, ಮುಂದಿನ ಒಂದು ವರ್ಷದಲ್ಲಿ ಅದಕ್ಕೆ ಹರಿದುಬರುವ ಹಣ ಸುಮಾರು ಶೇಕಡಾ ೨೮ರಷ್ಟು ಹೆಚ್ಚುತ್ತದೆ. ಫಂಡಿನ ಒಳಗಿರುವ ಷೇರುಗಳು ಹೊಸ ಹೆಸರಿಗೆ ತಕ್ಕಂತಿರಲಿ, ಬಿಡಲಿ, ಗಳಿಕೆಯಂತೂ ಉತ್ತಮಗೊಳ್ಳುವುದಿಲ್ಲ.

ಇದು ಅಮೆರಿಕದವರ ಮರುಳು, ನಮಗೇಕೆ ಎನ್ನುವಂತಿಲ್ಲ. ಅದೇ ವರ್ಷಗಳಲ್ಲಿ ನಮ್ಮ ದೇಶದ ಪೇಟೆಯಲ್ಲಿಯೂ ‘ಇನ್ಫೋಟೆಕ್’, ‘ಸಾಫ್ಟ್‌ವೇರ್’ ಎಂಬ ಬಾಲಗಳು ಬೆಳೆದಿದ್ದವು. ಅದರ ಗುರುತು ಇಂದಿಗೂ ಕಾನೂನಿನಲ್ಲಿ ಉಳಿದಿದೆ. ಪೇಟೆಯಲ್ಲಿ ನೋಂದಾಯಿತವಾದ ಕಂಪನಿಯು ಹೊಸ ವ್ಯವಹಾರವನ್ನು ಸೂಚಿಸುವ ಹೆಸರನ್ನು ಇಟ್ಟುಕೊಳ್ಳಬೇಕಾದರೆ, ಹಿಂದಿನ ಒಂದು ವರ್ಷದ ಆದಾಯದಲ್ಲಿ ಅರ್ಧದಷ್ಟಾದರೂ ಆ ವ್ಯವಹಾರದಿಂದ ಬಂದಿರಬೇಕು, ಇಲ್ಲವೆ ಆಸ್ತಿಯ ಅರ್ಧದಷ್ಟನ್ನಾದರೂ ಅದರಲ್ಲಿ ತೊಡಗಿಸಿರಬೇಕು ಎಂಬುದು ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿಯ ನಿಯಮ. ಇಂಥ ನಿಯಮ ಬೇಕಾಯಿತೆಂಬುದೇ ರೋಗವಿತ್ತೆಂಬುದಕ್ಕೆ ಸಾಕ್ಷಿ. ರೋಗ ವಾಸಿಯಾಗಿದೆಯೆಂದೂ ಹೇಳಲಾರೆ. ೨೦೧೭ರ ಡಿಸೆಂಬರಿನಲ್ಲಿ ಅಮೆರಿಕದ ಒಂದು ತಂಪು ಚಹಾದ ಕಂಪನಿಯು ತನ್ನ ಹೆಸರಿಗೆ ‘ಬ್ಲಾಕ್‌ಚೇನ್’ ಎಂದು ಸೇರಿಸಿಕೊಳ್ಳುವೆನೆಂದು ಸಾರಿತು. ಆ ದಿನದ ವಹಿವಾಟು ಮುಗಿಯುವ ಹೊತ್ತಿಗೆ ಅದರ ಷೇರಿನ ಬೆಲೆ ಹಿಂದಿನ ದಿನದ ಎರಡೂವರೆ ಪಟ್ಟನ್ನು ಮೀರಿತ್ತು. ಮಾರನೆಯ ವರ್ಷ ನಾಸ್‌ಡ್ಯಾಕ್ ಪೇಟೆಯು ಅದನ್ನು ತನ್ನ ಪಟ್ಟಿಯಿಂದ ಹೊರಹಾಕಿತು.

ಹೆಸರನ್ನು ನಂಬುವುದೇ ತಪ್ಪೆಂದು ಇದರಿಂದ ಯಾರೂ ತಿಳಿಯಬಾರದು. ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸನ್ನೇ ನೋಡಿ. ಅಲ್ಲಿಯ ರೈತರೊಬ್ಬರ ತೋಟದಲ್ಲಿದ್ದ ಒಂದು ಮರದ ತೊಳೆ ತಾಮ್ರಗೆಂಪು ಬಣ್ಣದ್ದು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಪರೀಕ್ಷಿಸಿ, ‘ಸಿದ್ದು’ ಎಂಬ ಹೆಸರಿನಲ್ಲಿ ಅದರ ಕಸಿ ಗಿಡಗಳು ರೈತರಿಗೆ ಸಿಕ್ಕುವಂತೆ ಮಾಡಿದರು. ಆ ಹೆಸರಿಗೂ ಬೆಲೆ ಬಂದಿದೆ. ಆದರೆ ಕಸಿಯಾದುದರಿಂದ ಗಿಡದಿಂದ ಗಿಡಕ್ಕೆ ಗುಣ ಬದಲಾಗುವುದಿಲ್ಲ. ಸಂಶಯವುಳ್ಳವನು ಹಣ್ಣನ್ನು ಕೊಯ್ದು ತೊಳೆಯ ಬಣ್ಣ ನೋಡಬಹುದು. ಷೇರನ್ನು ಹಾಗೆ ಕೊಯ್ದು ನೋಡುವ ಕತ್ತಿ ಸಾಮಾನ್ಯನ ಕೈಯಲ್ಲಿಲ್ಲ. ಲೆಕ್ಕಪತ್ರಗಳನ್ನು ಓದುವುದೇ ಆ ಕತ್ತಿ. ಓದುವವರು ಎಷ್ಟು ಮಂದಿ?

ಮನುಷ್ಯನು ಹಣದ ವಿಷಯದಲ್ಲಿ ಹೇಗೆ ನಡೆಯಬೇಕೆಂಬುದನ್ನು ಬದಿಗಿಟ್ಟು, ಹೇಗೆ ನಡೆಯುತ್ತಾನೆಂಬುದನ್ನು ಅಳೆಯುವ ಈ ಶಾಸ್ತ್ರಕ್ಕೆ ವರ್ತನಾ ಹಣಕಾಸು ಶಾಸ್ತ್ರವೆಂದು ಹೆಸರು. ೧೯೭೯ರಲ್ಲಿ ಡೇನಿಯಲ್ ಕಾನ್‌ಮನ್ ಮತ್ತು ಏಮಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕೆ ಬುನಾದಿ ಹಾಕಿದರು. ನೂರು ರೂಪಾಯಿ ಕಳೆದುಕೊಂಡಾಗಿನ ನೋವು ನೂರು ರೂಪಾಯಿ ಸಿಕ್ಕಾಗಿನ ಸಂತೋಷಕ್ಕಿಂತ ಸುಮಾರು ಎರಡು ಪಟ್ಟು ದೊಡ್ಡದೆಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಇದರ ಫಲವೊಂದನ್ನು ಟೆರೆನ್ಸ್ ಓಡಿಯನ್ ಅವರು ಹತ್ತು ಸಾವಿರ ಖಾತೆಗಳ ದಾಖಲೆಯಿಂದ ೧೯೯೮ರಲ್ಲಿ ತೋರಿಸಿದರು. ಜನರು ಲಾಭದಲ್ಲಿರುವ ಷೇರನ್ನು ಬೇಗನೆ ಮಾರುತ್ತಾರೆ, ನಷ್ಟದಲ್ಲಿರುವುದನ್ನು ‘ಕೊಂಡ ಬೆಲೆ ಬರಲಿ’ ಎಂದು ಇಟ್ಟುಕೊಳ್ಳುತ್ತಾರೆ. ತುಮಕೂರಿನ ಅಂಚಿನ ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆಗೆ ಬೆಳಗಿನ ಜಾವ ಟೊಮೇಟೊ ತರುವ ರೈತನಿಗೆ ಈ ಸೌಕರ್ಯವಿಲ್ಲ. ಧಾರಣೆ ಬೀಳಲಿ, ಏಳಲಿ, ಅವನು ಅಂದೇ ಮಾರಬೇಕು. ಟೊಮೇಟೊ ಕೊಳೆಯುತ್ತದೆ. ಷೇರು ಕೊಳೆತರೂ ವಾಸನೆ ಬರುವುದಿಲ್ಲ.

ಈಚೆಗೆ ಪದವಿ ತರಗತಿಯ ವಿದ್ಯಾರ್ಥಿಯೊಬ್ಬನು ತನ್ನ ಮೊಬೈಲಿನಲ್ಲಿ ಬೆಲೆಯ ರೇಖೆಯನ್ನು ತೋರಿಸಿ, “ಸಾರ್, ಇದು ಸರಳ ಸಂಗತ ಚಲನೆಯಲ್ಲವೇ? ಇಷ್ಟು ಕೆಳಗೆ ಬಂದದ್ದು ಮೇಲೆ ಹೋಗಲೇಬೇಕಲ್ಲ?” ಎಂದು ಕೇಳಿದನು. ಪ್ರಶ್ನೆ ಜಾಣತನದ್ದೇ. ಲೋಲಕವು ಕೆಳಗಿನಿಂದ ಮೇಲೇಳುತ್ತದೆ, ನಿಜ. ಆದರೆ ಅದನ್ನು ಮಧ್ಯಬಿಂದುವಿನ ಕಡೆಗೆ ಎಳೆಯುವ ಬಲವೊಂದು ಉಂಟು. ಆ ಬಲವನ್ನು ತೋರಿಸದೆ ಆಂದೋಲನವೆನ್ನಲಾಗದು. ಟೊಮೇಟೊ ಬೆಲೆಗಾದರೆ ಅಂಥ ಬಲವನ್ನು ತೋರಿಸಬಹುದು. ೨೦೨೩ರ ಜುಲೈಯಲ್ಲಿ ಕಿಲೋಗ್ರಾಮಿಗೆ ನೂರು ರೂಪಾಯಿ ದಾಟಿದ ಧಾರಣೆಯನ್ನು ಕಂಡು ಎಲ್ಲರೂ ನಾಟಿ ಮಾಡಿದರು. ಎರಡು ಎರಡೂವರೆ ತಿಂಗಳಲ್ಲಿ ಬೆಳೆ ಒಟ್ಟಿಗೆ ಬಂದು ಬೆಲೆ ನೆಲಕಚ್ಚಿತು. ಮುಂದೆ ನಾಟಿ ಕಡಮೆಯಾಗಿ ಬೆಲೆ ಮತ್ತೆ ಏಳುತ್ತದೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಜೇಡರ ಬಲೆಯ ಸಿದ್ಧಾಂತವೆನ್ನುತ್ತಾರೆ. ಬೆಲೆಯನ್ನು ಮೊಬೈಲಿನ ಪರದೆಯ ಮೇಲೆ ಗಂಟೆ ಗಂಟೆಗೂ ನೋಡುವವನಿಗೆ ಇಂಥ ಬಲವಾವುದೂ ಕಾಣಸಿಕ್ಕದು. ಅವನು ನೋಡುತ್ತಿರುವುದು ಬಹುಮಟ್ಟಿಗೆ ಬ್ರೌನ್ ಚಲನೆ.

ಈ ಹೋಲಿಕೆ ನನ್ನದಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಅಂಕೆಯಿಲ್ಲದ ಅಲೆದಾಟವನ್ನು ಐನ್‌ಸ್ಟೈನ್ ವಿವರಿಸಿದ್ದು ೧೯೦೫ರಲ್ಲಿ. ಅದಕ್ಕಿಂತ ಐದು ವರ್ಷ ಮೊದಲೇ, ೧೯೦೦ರಲ್ಲಿ, ಲೂಯಿ ಬಾಶೆಲಿಯೇ ಎಂಬ ಫ್ರೆಂಚ್ ಗಣಿತಜ್ಞನು ಪ್ಯಾರಿಸಿನ ಷೇರುಪೇಟೆಯ ಬೆಲೆಗಳಿಗೆ ಅದೇ ಗಣಿತವನ್ನು ಹಚ್ಚಿ ಡಾಕ್ಟರೇಟ್ ಪ್ರಬಂಧ ಬರೆದಿದ್ದನು. ಅಲೆಯುವ ಕಣವು ನಾಲ್ಕು ಪಟ್ಟು ಕಾಲದಲ್ಲಿ ಸರಾಸರಿ ಎರಡು ಪಟ್ಟು ದೂರ ಮಾತ್ರ ಹೋಗುತ್ತದೆ. ಯಾವ ದಿಕ್ಕಿಗೆಂಬುದನ್ನು ಹಿಂದಿನ ಹೆಜ್ಜೆಗಳು ತಿಳಿಸುವುದಿಲ್ಲ. ಭೌತವಿಜ್ಞಾನಿಯಾಗಿರುವುದೇ ಇಲ್ಲಿ ರಕ್ಷಣೆಯೆಂದು ಬೀಗುವಂತೆಯೂ ಇಲ್ಲ. ನ್ಯೂಟನ್ನನು ೧೭೨೦ರಲ್ಲಿ ಸೌತ್ ಸೀ ಕಂಪನಿಯ ಷೇರುಗಳನ್ನು ಒಳ್ಳೆಯ ಲಾಭಕ್ಕೆ ಮಾರಿ, ಬೆಲೆ ಇನ್ನೂ ಏರಿದುದನ್ನು ಕಂಡು ತಡೆಯಲಾರದೆ ಮತ್ತೆ ಕೊಂಡು, ಬಹಳ ಹಣ ಕಳೆದುಕೊಂಡನು.

ಬೆಲೆಯಲ್ಲಿ ಯಾವ ಕ್ರಮವೂ ಇಲ್ಲವೇ ಇಲ್ಲವೆಂದೇನೂ ಅಲ್ಲ; ಬಾಶೆಲಿಯೇಯ ಚಿತ್ರ ಸಂಪೂರ್ಣವಲ್ಲ. ನರಸಿಂಹನ್ ಜಗದೀಶ್ ಮತ್ತು ಶೆರಿಡನ್ ಟಿಟ್‌ಮನ್ ಅವರು ೧೯೯೩ರಲ್ಲಿ ಒಂದು ಕ್ರಮವನ್ನು ತೋರಿಸಿದರು. ೧೯೬೫ರಿಂದ ೧೯೮೯ರವರೆಗಿನ ಅಮೆರಿಕದ ದಾಖಲೆಯಲ್ಲಿ, ಹಿಂದಿನ ಆರು ತಿಂಗಳು ಚೆನ್ನಾಗಿ ಏರಿದ ಷೇರುಗಳನ್ನು ಕೊಂಡು ಬಿದ್ದವನ್ನು ಮಾರಿ ಆರು ತಿಂಗಳು ಕಾದರೆ, ವರ್ಷಕ್ಕೆ ಸುಮಾರು ಶೇಕಡಾ ೧೨ರಷ್ಟು ಹೆಚ್ಚುವರಿ ಗಳಿಕೆ ಬರುತ್ತಿತ್ತು. ಜನರು ಹೊಸ ಸುದ್ದಿಯನ್ನು ನಿಧಾನವಾಗಿ ನಂಬುವುದೇ ಇದಕ್ಕೆ ಕಾರಣವೆಂದು ಹಲವರ ಅಭಿಪ್ರಾಯ. ಇಂಥ ಕ್ರಮಗಳನ್ನು ಹುಡುಕಿ, ನಿಯಮವಾಗಿ ಬರೆದು, ಹಳೆಯ ದಾಖಲೆಗಳ ಮೇಲೆ ಪರೀಕ್ಷಿಸಿ, ಮನಸ್ಸಿನ ಚಾಪಲ್ಯಕ್ಕೆ ಎಡೆಗೊಡದೆ ಗಣಕಯಂತ್ರದಿಂದಲೇ ಕೊಳ್ಳಿಸುವುದು, ಮಾರಿಸುವುದು ಪರಿಮಾಣಾತ್ಮಕ ಹೂಡಿಕೆ. ರಾವ್ ಅವರೂ ಕೆಲವು ಕಾಲ ಸ್ಯಾನ್ ಫ್ರಾನ್ಸಿಸ್ಕೊ ನಗರದ ಬಾರ್ಕ್ಲೇಸ್ ಗ್ಲೋಬಲ್ ಇನ್ವೆಸ್ಟರ್ಸ್ ಸಂಸ್ಥೆಯಲ್ಲಿ ಕೆಲಸ ಮಾಡಿದ್ದರು. ಲೆಕ್ಕದ ಹೂಡಿಕೆಗೆ ಹೆಸರಾಗಿದ್ದ ಆ ಸಂಸ್ಥೆ ಆಗ ಜಗತ್ತಿನಲ್ಲಿಯೇ ಅತ್ಯಂತ ಹೆಚ್ಚಿನ ಹಣವನ್ನು ನಿರ್ವಹಿಸುತ್ತಿದ್ದುದು.

ಭೌತಶಾಸ್ತ್ರಕ್ಕೂ ಇದಕ್ಕೂ ಇರುವ ಒಂದು ಮೂಲ ವ್ಯತ್ಯಾಸ ನನಗೆ ಬಹು ಸ್ವಾರಸ್ಯವಾಗಿ ಕಂಡಿದೆ. ಗುರುತ್ವ ನಿಯಮವನ್ನು ಪ್ರಕಟಿಸಿದ್ದರಿಂದ ಸೇಬು ಬೀಳುವ ರೀತಿ ಬದಲಾಗಲಿಲ್ಲ. ಪೇಟೆಯ ನಿಯಮವಾದರೋ ಪ್ರಕಟವಾದೊಡನೆ ಸವೆಯುತ್ತದೆ. ಏಕೆಂದರೆ ಇಲ್ಲಿಯ ಕಣಗಳು ಪತ್ರಿಕೆ ಓದುತ್ತವೆ! ಮೆಕ್ಲೇನ್ ಮತ್ತು ಪಾಂಟಿಫ್ ಎಂಬವರು ಹೀಗೆ ಪ್ರಕಟವಾದ ೯೭ ನಿಯಮಗಳನ್ನು ೨೦೧೬ರಲ್ಲಿ ಮತ್ತೆ ಪರೀಕ್ಷಿಸಿದರು. ಪ್ರಬಂಧ ಪ್ರಕಟವಾದ ಮೇಲೆ ಆ ನಿಯಮಗಳಿಂದ ಬರುವ ಗಳಿಕೆ ಸರಾಸರಿ ಶೇಕಡಾ ೫೮ರಷ್ಟು ಕುಗ್ಗಿತ್ತು. ವಿದ್ವಾಂಸರು ಕಂಡು ಬರೆದ ನಿಯಮಗಳ ಗತಿಯೇ ಹೀಗಾದರೆ, ಮೊಬೈಲಿನಲ್ಲಿ ಯಾರೋ ಬಿಟ್ಟಿಯಾಗಿ ಹಂಚುವ ‘ಗುಟ್ಟಿ’ನ ಆಯುಸ್ಸು ಎಷ್ಟಿದ್ದೀತು? ಅಂಥ ಗುಟ್ಟು ಹೇಳುವವರು ಹುಟ್ಟುವ ಬಗೆಯನ್ನೂ ಲೆಕ್ಕ ಹಾಕಬಹುದು. ೧,೦೨೪ ವಿದ್ಯಾರ್ಥಿಗಳು ತಲಾ ಹತ್ತು ಸಲ ನಾಣ್ಯ ಚಿಮ್ಮಿದರೆ, ಸರಾಸರಿಯಲ್ಲಿ ಒಬ್ಬನಿಗೆ ಹತ್ತೂ ಸಲ ತಲೆಯೇ ಬೀಳುತ್ತದೆ. ಉಳಿದ ೧,೦೨೩ ಮಂದಿ ಮನೆಗೆ ಹೋಗುತ್ತಾರೆ. ಇವನು ಯೂಟ್ಯೂಬಿನಲ್ಲಿ ಪಾಠ ಹೇಳಲು ಕೂರುತ್ತಾನೆ.

ಇಷ್ಟೆಲ್ಲ ಬರೆಯಲು ಕಾರಣವಾದ ಸಂಗತಿಗೆ ಬರೋಣ. ಮುಂದಿನ ದಿನಾಂಕದ ಬೆಲೆಯ ಮೇಲೆ ಕಟ್ಟುವ ಕರಾರುಗಳುಂಟು. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂದು ಅವುಗಳಿಗೆ ಹೆಸರು. ಷೇರನ್ನು ಕೊಂಡವನು ಕಂಪನಿಯ ದುಡಿಮೆಯಲ್ಲಿ ಪಾಲುದಾರನು. ಕಂಪನಿ ಬೆಳೆದರೆ ಕೊಂಡವರೆಲ್ಲರಿಗೂ ಲಾಭವಾಗಬಹುದು. ಈ ಕರಾರುಗಳಲ್ಲಿ ಹಾಗಿಲ್ಲ. ಒಬ್ಬನ ಲಾಭ ಇನ್ನೊಬ್ಬನ ನಷ್ಟಕ್ಕೆ ಸರಿಸಮ. ಮೇಲೆ ದಲ್ಲಾಳಿಯ ಶುಲ್ಕ ಮತ್ತು ತೆರಿಗೆಯೆಂಬ ಘರ್ಷಣೆ ಬೇರೆ. ೨೦೨೪ರ ಸೆಪ್ಟೆಂಬರಿನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದಂತೆ, ೨೦೨೧–೨೨ರಿಂದ ೨೦೨೩–೨೪ರವರೆಗಿನ ಮೂರು ವರ್ಷಗಳಲ್ಲಿ ಇದಕ್ಕೆ ಕೈಹಾಕಿದ ಒಂದು ಕೋಟಿಗೂ ಮೀರಿದ ಬಿಡಿ ವ್ಯಕ್ತಿಗಳಲ್ಲಿ ಶೇಕಡಾ ೯೩ ಮಂದಿ ನಷ್ಟ ಹೊಂದಿದರು. ಒಟ್ಟು ನಷ್ಟ ೧.೮ ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ಗಳಿಸಿದವರು ನೂರಕ್ಕೆ ಒಬ್ಬರು. ಹೀಗೆ ವ್ಯವಹರಿಸುವವರಲ್ಲಿ ಮೂವತ್ತು ವರ್ಷಕ್ಕಿಂತ ಕಿರಿಯರ ಪಾಲು ಒಂದೇ ವರ್ಷದಲ್ಲಿ ಶೇಕಡಾ ೩೧ರಿಂದ ೪೩ಕ್ಕೆ ಏರಿತು. ಕರಾರಿನ ಕನಿಷ್ಠ ಮೊತ್ತವನ್ನು ಹೆಚ್ಚಿಸುವುದೇ ಮೊದಲಾದ ಕಟ್ಟುಪಾಡುಗಳನ್ನು ೨೦೨೪ರ ನವೆಂಬರಿನಿಂದ ತಂದರೂ, ೨೦೨೪–೨೫ರಲ್ಲಿ ನಷ್ಟ ಹೊಂದಿದವರು ಶೇಕಡಾ ೯೧.

ಕಳೆದ ಹಣ ಎಲ್ಲಿಗೆ ಹೋಯಿತು? ಅದಕ್ಕೂ ಅದೇ ಅಧ್ಯಯನದಲ್ಲಿ ಉತ್ತರವಿದೆ. ೨೦೨೩–೨೪ರಲ್ಲಿ ಖರ್ಚುಗಳನ್ನು ಕಳೆಯುವ ಮುನ್ನ, ಸ್ವಂತ ಬಂಡವಾಳದಿಂದ ವ್ಯವಹರಿಸುವ ದಲ್ಲಾಳಿ ಸಂಸ್ಥೆಗಳು ಸುಮಾರು ೩೩,೦೦೦ ಕೋಟಿ ರೂಪಾಯಿಗಳನ್ನೂ ವಿದೇಶೀ ಹೂಡಿಕೆದಾರರು ಸುಮಾರು ೨೮,೦೦೦ ಕೋಟಿ ರೂಪಾಯಿಗಳನ್ನೂ ಗಳಿಸಿದರು. ದಲ್ಲಾಳಿ ಸಂಸ್ಥೆಗಳ ಲಾಭದಲ್ಲಿ ಶೇಕಡಾ ೯೬, ವಿದೇಶೀಯರ ಲಾಭದಲ್ಲಿ ಶೇಕಡಾ ೯೭ ಬಂದದ್ದು ಗಣಕಯಂತ್ರಗಳು ನಿಯಮಕ್ಕನುಸಾರವಾಗಿ ನಡೆಸುವ ವ್ಯವಹಾರವನ್ನು ಬಳಸಿದವರಿಗೆ. ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಮೇಜಿನ ಕೆಳಗೆ ಮೊಬೈಲು ಹಿಡಿದಿರುವ ಹುಡುಗನು ತನ್ನ ಎದುರಾಳಿಯೂ ತನ್ನಂಥ ಇನ್ನೊಬ್ಬ ಹುಡುಗನೆಂದು ಭಾವಿಸಿರುತ್ತಾನೆ. ಎದುರಿಗಿರುವುದು ಬಹುಮಟ್ಟಿಗೆ ಯಂತ್ರ. ಮನುಷ್ಯನು ಎಲ್ಲೆಲ್ಲಿ ತಪ್ಪುತ್ತಾನೆಂಬ ಶಾಸ್ತ್ರವನ್ನೆಲ್ಲ ಓದಿದವರು ಆ ಯಂತ್ರಕ್ಕೆ ನಿಯಮಗಳನ್ನು ಬರೆಯಬಲ್ಲರು. ನಮ್ಮ ಹುಡುಗನಿಗೋ ಆ ಶಾಸ್ತ್ರವೊಂದು ಇದೆಯೆಂಬುದೇ ತಿಳಿಯದು. ನನಗೆ ಅನ್ಯಾಯವಾಗಿ ತೋರುವುದು ಇದೇ.

‘ಅನುಭವದಿಂದ ಕಲಿಯಲಿ ಬಿಡಿ’ ಎನ್ನುವ ಹಿರಿಯರನ್ನು ಕಂಡಿದ್ದೇನೆ. ಅನುಭವವು ಕಲಿಸಬೇಕಾದರೆ ತಪ್ಪು ಮಾಡಿದಾಗ ತಪ್ಪೆಂದು ಗೊತ್ತಾಗಬೇಕು. ಬರಿಯ ಅದೃಷ್ಟದಿಂದ ಮೊದಲ ವಾರ ಎರಡು ಸಾವಿರ ಗಳಿಸಿದವನಿಗೆ ಅನುಭವವು ಕಲಿಸುವುದು ಸುಳ್ಳನ್ನು. ಇನ್ನು ಕೆಲವರು ‘ಷೇರುಪೇಟೆಯೆಂದರೆ ಜೂಜು, ಆ ಕಡೆ ತಲೆಯಿಟ್ಟು ಮಲಗಬೇಡ’ ಎನ್ನುತ್ತಾರೆ. ಇದನ್ನೂ ನಾನು ಒಪ್ಪಲಾರೆ. ಬಾರ್ಬರ್ ಮತ್ತು ಓಡಿಯನ್ ಅವರು ಅಮೆರಿಕದ ೬೬,೪೬೫ ಕುಟುಂಬಗಳ ೧೯೯೧ರಿಂದ ೧೯೯೬ರವರೆಗಿನ ಲೆಕ್ಕಗಳನ್ನು ನೋಡಿದಾಗ, ಪೇಟೆಯ ಸರಾಸರಿ ಗಳಿಕೆ ವರ್ಷಕ್ಕೆ ಶೇಕಡಾ ೧೭.೯ ಇದ್ದಲ್ಲಿ, ಅತಿಯಾಗಿ ಕೊಂಡು ಮಾರಿದವರಿಗೆ ಸಿಕ್ಕಿದ್ದು ೧೧.೪. ಪೇಟೆ ಅದೇ, ಹಾನಿ ಮಾಡಿದ್ದು ಅವರ ಚಡಪಡಿಕೆ. ದುಡಿಮೆಯಿಲ್ಲದ ವಿದ್ಯಾರ್ಥಿಯು ಮನೆಯವರ ಹಣದಿಂದ ಈ ಕರಾರುಗಳಿಗೆ ಕೈಹಾಕಬಾರದೆಂಬುದು ನನ್ನ ಸ್ಪಷ್ಟವಾದ ಅಭಿಪ್ರಾಯ. ಆದರೆ ಅವನು ಈ ಶಾಸ್ತ್ರವನ್ನು ಓದಬಾರದೆಂಬುದಕ್ಕೆ ಯಾವ ಕಾರಣವೂ ಇಲ್ಲ.

ಓದಲು ಹೊಸ ಪಠ್ಯವೂ ಬೇಡ. ನಮ್ಮ ಪ್ರಯೋಗಶಾಲೆಯಲ್ಲಿ ಲೋಲಕದ ಆವರ್ತ ಕಾಲವನ್ನು ಹತ್ತು ಸಲ ಅಳೆದು ದೋಷವನ್ನು ಲೆಕ್ಕಿಸುವ ವಿದ್ಯಾರ್ಥಿಗೆ ಬೇಕಾದ ಗಣಿತವೆಲ್ಲ ಆಗಲೇ ಬರುತ್ತದೆ. ಮಾರುಕಟ್ಟೆಗಳ ದೈನಂದಿನ ಧಾರಣೆಯನ್ನು ರಾಜ್ಯದ ಕೃಷಿ ಮಾರಾಟ ಇಲಾಖೆ ಪ್ರಕಟಿಸುತ್ತದೆ. ಷೇರಿನ ಬೆಲೆ ದಿನಪತ್ರಿಕೆಯಲ್ಲಿಯೇ ಸಿಕ್ಕುತ್ತದೆ. ಮೂರು ತಿಂಗಳ ಟೊಮೇಟೊ ಧಾರಣೆಯನ್ನೂ ಯಾವುದಾದರೊಂದು ಷೇರಿನ ಬೆಲೆಯನ್ನೂ ಬರೆದುಕೊಳ್ಳಿ. ಪ್ರತಿ ದಿನದ ಏರಿಳಿತವನ್ನು ಗ್ರಾಫ್ ಕಾಗದದ ಅಡ್ಡ ಅಕ್ಷದ ಮೇಲೂ, ಅದರ ಮಾರನೆಯ ದಿನದ ಏರಿಳಿತವನ್ನು ನೇರ ಅಕ್ಷದ ಮೇಲೂ ಇಟ್ಟು ಬಿಂದುಗಳನ್ನು ಗುರುತಿಸಿ. ಬಿಂದುಗಳು ಓರೆಯಾಗಿ ಸಾಲುಗಟ್ಟಿದರೆ ಇಂದಿನದು ನಾಳೆಯದನ್ನು ಸ್ವಲ್ಪವಾದರೂ ಸೂಚಿಸುತ್ತದೆ. ಎರಚಿದ ಸಾಸಿವೆಯಂತೆ ಸುತ್ತಲೂ ಚೆಲ್ಲಿದ್ದರೆ ಸೂಚಿಸುವುದಿಲ್ಲ. ಅನಂತರ ಷೇರಿನ ಏರಿಳಿತಗಳನ್ನು ಚೀಟಿಗಳಲ್ಲಿ ಬರೆದು, ಕಲಸಿ, ಒಂದೊಂದಾಗಿ ಎತ್ತಿ ಹೊಸದೊಂದು ರೇಖೆಯನ್ನು ಎಳೆಯಿರಿ. ನಿಜವಾದ ರೇಖೆಯನ್ನೂ ಚೀಟಿಯ ರೇಖೆಯನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವುದು ಯಾವುದೆಂದು ತಿಳಿಸದೆ, ‘ಚಾರ್ಟು’ ಓದಬಲ್ಲೆನೆನ್ನುವ ಸ್ನೇಹಿತನಿಗೆ ತೋರಿಸಿರಿ.